ಸಾಲಿಗೆ ಮುಂಚಿನ ಖಾಲಿ ಜಾಗ

ಸಾಲು ಶುರುವಾಗುವ ಮುನ್ನ ಬಿಡುವ ಖಾಲಿ ಜಾಗದ ಬಗ್ಗೆ ನೀವು ಎಂದಾದರೂ ಯೋಚಿಸಿದ್ದೀರಾ? ಇಲ್ಲವಾದರೆ ನೀವು ಸುಖಿಗಳು. ನಾನು ಮತ್ತು ಹುಮನಾಬಾದಿನ ಗೆಳೆಯ ವೀರೇಶ ಅದಕ್ಕಾಗಿ ಒಂದಿಡೀ ಮಳೆಗಾಲ ಜಗಳವಾಡಿದ್ದೇವೆ. ಅವನು ಎರಡು ಅಕ್ಷರದಷ್ಟು ಜಾಗ ಸಾಕೆನ್ನುವ ಮಿತವ್ಯಯಿ. ನಾನು ನಾಲ್ಕು ಬೇಕೆನ್ನುವ ಉದಾರಿ.

ನಮ್ಮ ಕಡೆಯ ಹಳ್ಳಿಗಳ ಬಸ್ಸಿನ ವೇಳೆ ತೋರಿಸುವ ಒಂದು ಆ್ಯಪನ್ನು ನಾವಿಬ್ಬರೂ ಸೇರಿ ಮಾಡಿದ್ದೇವೆ. ಅದನ್ನು ನಡೆಸುವ ಬರಹ, ಅಂದರೆ ಕೋಡ್, ಎಲ್ಲರಿಗೂ ತೆರೆದಿದೆ. ಯಾರು ಬೇಕಾದರೂ ತಿದ್ದುಪಡಿ ಕಳಿಸಬಹುದು. ಬಸವಕಲ್ಯಾಣದಿಂದ ನಾನು, ಹುಮನಾಬಾದಿನಿಂದ ವೀರೇಶ, ಇಬ್ಬರೂ ಒಪ್ಪಿದರೆ ಅದು ಆ್ಯಪಿಗೆ ಸೇರುತ್ತದೆ. ಕೋಡಿನ ಸಾಲುಗಳ ಎಡಗಡೆಯ ಜಾಗ ಎರಡಾದರೂ ನಾಲ್ಕಾದರೂ ನಮ್ಮ ಆ್ಯಪಿಗೆ ವ್ಯತ್ಯಾಸವಿಲ್ಲ, ಭೇದವೆಲ್ಲ ಮನುಷ್ಯರದು. ಲೆಕ್ಕವಿಡುವ ಚಟದವನಾದ ನಾನು ಒಂದು ದಿನ ನಮ್ಮ ಚರ್ಚೆಯನ್ನೇ ಎಣಿಸಿ ದಿನಚರಿಯಲ್ಲಿ ಬರೆದಿಟ್ಟೆ: ಬಸ್ಸಿನ ಬಗ್ಗೆ ಒಂಬತ್ತು ಮಾತು, ಖಾಲಿ ಜಾಗದ ಬಗ್ಗೆ ಎಪ್ಪತ್ತು. ಶರಣರು ಕುಳಿತು ಶೂನ್ಯದ ಬಗ್ಗೆ ಮಾತಾಡಿದ ಊರು ನಮ್ಮದು. ಆ ಮಾತು ಈ ಮಟ್ಟಕ್ಕೆ ಇಳಿದೀತೆಂದು ಅವರು ಎಣಿಸಿರಲಾರರು.

ಈ ನಡುವೆ ದುಬಲಗುಂಡಿಯ ಸುನೀತಾ ಒಂದು ತಿದ್ದುಪಡಿ ಕಳಿಸಿದಳು. ಹುಮನಾಬಾದಿನ ಝೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುತ್ತ ಕೋಡ್ ಬರೆಯಲು ಕಲಿತವಳು. ಅವಳೂರಿನ ಸಂಜೆ ಬಸ್ಸು ಈಗ ಅರ್ಧ ಗಂಟೆ ಮುಂಚೆ ಹೊರಡುತ್ತದೆ, ಆ್ಯಪ್ ಮಾತ್ರ ಹಳೆಯ ವೇಳೆಯನ್ನೇ ತೋರಿಸುತ್ತಿತ್ತು. ಅವಳ ಅವ್ವ ಹುಮನಾಬಾದಿನ ದಾಲ್ ಮಿಲ್ಲಿನಲ್ಲಿ ತೊಗರಿ ಆರಿಸುತ್ತಾಳೆ. ಅಲ್ಲಿಯ ಮೇಸ್ತ್ರಿ, ಅಂದರೆ ಮುಕಾದಮ, ನಮ್ಮ ಆ್ಯಪ್ ನೋಡಿಯೇ ಹೆಂಗಸರನ್ನು ಮನೆಗೆ ಬಿಡುವವನು. ಬಸ್ಸು ಹೋಗಿಬಿಡುತ್ತದೆ ಎಂದರೆ ಫೋನು ತೋರಿಸುತ್ತಾನೆ. ಹೀಗಾಗಿ ಸಂಜೆ ಬಸ್ಸು ತಪ್ಪಿ ಅವರೆಲ್ಲ ದಿನಾಲೂ ಕತ್ತಲಾಗುವವರೆಗೆ ಕೊನೆಯ ಬಸ್ಸಿಗೆ ಕಾಯುತ್ತಿದ್ದರು.

ಬದಲಾಗಬೇಕಿದ್ದುದು ಒಂದೇ ಸಾಲು. ಹೇಗೂ ಕೈಹಾಕಿದ್ದೀಯಲ್ಲ, ಎಲ್ಲ ಸಾಲುಗಳಿಗೂ ನಾಲ್ಕು ಜಾಗ ಮಾಡಿ ಕಳಿಸು ಎಂದೆ. ಪಾಪ, ಮಾಡಿದಳು. ಇಷ್ಟೊಂದು ಯಾಕೆ ಬದಲಾಯಿತೆಂದು ವೀರೇಶ ಹಿಂದಿರುಗಿಸಿದ. ಮೂರನೆಯ ದಿನ ಅವಳು ಬರೆದಳು: "ನಂಗ ಇದು ಬರಂಗಿಲ್ರಿ ಸರ್. ಬಿಟ್ಟಬಿಡ್ರಿ."

ಅದನ್ನು ಓದಿದ ಮೇಲೆ ಸುಮ್ಮನಿರಲಾಗಲಿಲ್ಲ. ನನ್ನ ರಜೆಯ ದಿನ ಮಧ್ಯಾಹ್ನ ಹುಮನಾಬಾದಿನ ಬಸ್ಸು ಹತ್ತಿದೆ, ಇತ್ಯರ್ಥವಾಗದೆ ಮರಳಬಾರದೆಂದು. ಆ ಇತ್ಯರ್ಥ ನನ್ನ ಪರವಾಗಿಯೇ ಆಗಬೇಕೆಂಬುದೂ ಮನಸ್ಸಿನಲ್ಲಿತ್ತೆನ್ನಿ. ಸ್ಟ್ಯಾಂಡಿನ ಎದುರೇ ವೀರೇಶನ ಮೊಬೈಲ್ ರಿಪೇರಿ ಅಂಗಡಿ. ಸುನೀತಾಳನ್ನೂ ಕರೆಸಿದೆವು. ಚಹಾ ಬಂತು.

"ಅಲ್ಲಪಾ, ಒಂದ್ ಟೈಮ್ ತಿದ್ದಲಿಕ್ಕ ಇಡೀ ಕೋಡ್ ಸರಿಸಿದ್ರ, ನಾಳಿ ತಪ್ಪು ಎಲ್ಲಿ ಹೊಕ್ಕದ ಅಂತ ಹ್ಯಾಂಗ ಹುಡಕ್ತಿ?" ಎಂದ ವೀರೇಶ.

"ನಿನ್ನ ಎರಡ್ ಜಾಗದಾಗ ಓದವ್ರ ಕಣ್ಣ ಹೋಗ್ತಾವ," ಎಂದೆ.

"ಚಷ್ಮಾ ಹಾಕ್ಕೋ."

ಸುನೀತಾ ಕಪ್ಪು ಕೆಳಗಿಟ್ಟಳು. "ನೀವಿಬ್ರೂ ಆರಾಮ್ ಜಗಳಾಡ್ರಿ ಸರ್. ನಮ್ಮವ್ವ ಸ್ಟ್ಯಾಂಡಿನಾಗ ಕುಂತಿರ್ತಾಳ. ಆಕಿಗಿ ಎರಡಾದ್ರೂ ಅಷ್ಟ, ನಾಕಾದ್ರೂ ಅಷ್ಟ."

ಅವಳು ಕಳಿಸಿದ್ದನ್ನು ಫೋನಿನಲ್ಲಿ ಮತ್ತೆ ತೆರೆದು ನೋಡಿದೆ. ವೀರೇಶನ ಮಾತಿನಲ್ಲಿ ಸತ್ಯವಿತ್ತು. ನೂರಾರು ಸಾಲುಗಳ ಅಲಂಕಾರದೊಳಗೆ ಅವಳ ಒಂದು ಸಾಲು ಹುದುಗಿಹೋಗಿತ್ತು. ಅಂದ ಬೇಡವೆಂದಲ್ಲ, ನೋಡಿ. ಅದನ್ನು ಇನ್ನೊಬ್ಬರ ಅಗತ್ಯದ ಬೆನ್ನಿಗೆ ಕಟ್ಟಿ ಕಳಿಸಬಾರದು. ನನ್ನ ನಾಲ್ಕನ್ನು ಹಿಂತೆಗೆದುಕೊಂಡೆ. ಸುನೀತಾ ಎರಡು ಜಾಗದ ಹಳೆಯ ಕೋಡಿನಲ್ಲಿ ವೇಳೆಯೊಂದನ್ನೇ ತಿದ್ದಿ ಕಳಿಸಿದಳು. ಇಬ್ಬರೂ ಒಪ್ಪಿಗೆ ಒತ್ತುವಾಗ ಚಹಾ ಇನ್ನೂ ಬಿಸಿಯಿತ್ತು.

ಅಂದು ಸಂಜೆ ಹೆಂಗಸರು ಬಸ್ಸಿಗಿಂತ ಮೊದಲೇ ಸ್ಟ್ಯಾಂಡಿಗೆ ಬಂದರು. "ಮುಕಾದಮ ಎರಡ್ ಸಲ ಫೋನ್ ನೋಡ್ದ. ಆಮ್ಯಾಗ ಹೋಗ್ರಿ ಅಂದ," ಎಂದಳು ಸುನೀತಾಳ ಅವ್ವ. ಮಗಳು ನಮ್ಮನ್ನು ಪರಿಚಯಿಸಿ ನಡೆದದ್ದನ್ನು ಹೇಳಿದಾಗ ಆಕೆ ನಮ್ಮಿಬ್ಬರನ್ನೂ ಅಡಿಯಿಂದ ಮುಡಿಯವರೆಗೆ ನೋಡಿದಳು. "ಒಂದ್ ಟೈಮ್ ಬರೀಲಿಕ್ಕ ಮೂರ್ ಮಂದಿ ಬೇಕಾತೇನವ್ವ?" ಎಂದು ಚೀಲ ಎತ್ತಿಕೊಂಡು ಬಸ್ಸು ಹತ್ತಿದಳು.

ಬಸವಕಲ್ಯಾಣಕ್ಕೆ ಮರಳುವಾಗ ಫೋನಿನಲ್ಲಿಯೇ ನಮ್ಮ ಆ್ಯಪಿನ ಮೊದಲ ನಿಯಮ ಬರೆಯಲು ಕುಳಿತೆ: ವಿಷಯದ ತಿದ್ದುಪಡಿ ಮೊದಲು, ಅಂದಚೆಂದದ್ದು ಆಮೇಲೆ, ಬೇರೆಯಾಗಿ. ನನ್ನ ಹೆಬ್ಬೆರಳು ಅಭ್ಯಾಸಬಲದಿಂದ ಸಾಲಿಗೆ ಮೊದಲು ಖಾಲಿ ಜಾಗವನ್ನು ನಾಲ್ಕು ಸಲ ಒತ್ತಿತ್ತು. ಎರಡನ್ನು ಅಳಿಸಿದೆ. ನಾಲ್ಕೇ ಚೆಂದ, ಈಗಲೂ.