ಮಾವನ ಜೇಬಿನ ಫ್ಯೂಜು

ನಮ್ಮ ಸೋದರಮಾವನ ಬಲಗೈಯ ತೋರುಬೆರಳು, ನಡುಬೆರಳು ಮಡಚುತ್ತಿರಲಿಲ್ಲ. ರೊಟ್ಟಿ ಮುರಿಯುವಾಗ ಅವೆರಡೂ ನೆಟ್ಟಗೆ ನಿಂತು, ಸುಟ್ಟ ಬದನೆಕಾಯಿಯ ಸಿಪ್ಪೆಯ ಹಾಗೆ ಸುಕ್ಕಾಗಿ ಕಾಣುತ್ತಿದ್ದವು. ಹಟ್ಟಿಯ ಚಿನ್ನದ ಗಣಿಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವನು, ಅಲ್ಲೇ ಗಾಯವಾಗಿರಬೇಕು ಎಂದು ಹೊಸಬರು ತಿಳಿಯುತ್ತಿದ್ದರು. ಗಣಿಯಲ್ಲಿ ಅವನ ಕೂದಲೂ ಕೊಂಕಿರಲಿಲ್ಲ. ಆ ಬೆರಳು ಸುಟ್ಟದ್ದು ಮಸ್ಕಿಯ ನಮ್ಮ ಮನೆಯಲ್ಲಿ. ಸುಟ್ಟವಳು ನಾನು.

ನನ್ನದು ಹುಟ್ಟಾ ಅವಸರ. ಹಾಲು ಉಕ್ಕುವ ಮೊದಲೇ ಇಳಿಸುವವಳು, ಬಸ್ಸು ನಿಲ್ಲುವ ಮೊದಲೇ ಇಳಿಯುವವಳು. ಮಾವ ತದ್ವಿರುದ್ಧ. ಯಾರ ಮನೆಯಲ್ಲಿ ಕರೆಂಟಿನ ಕೆಲಸವಿದ್ದರೂ ಮೊದಲು ಮೀಟರಿನ ಹತ್ತಿರ ಹೋಗಿ ಫ್ಯೂಜು ಕಿತ್ತು ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಿದ್ದ. ಆ ಪಿಂಗಾಣಿ ತುಂಡಿನ ಭಾರಕ್ಕೆ ಜೇಬು ಜೋಲುತ್ತಿತ್ತು. "ನನ್ನ ಜೀವ ನನ್ನ ಜೇಬಿನ್ಯಾಗ ಇರಬೇಕು. ಮಂದಿ ಕೈಯಾಗ ಅಲ್ಲ" ಎನ್ನುತ್ತಿದ್ದ. ಒಮ್ಮೆ ನಮ್ಮ ಫ್ಯೂಜನ್ನು ಜೇಬಿನಲ್ಲಿಟ್ಟುಕೊಂಡೇ ಹಟ್ಟಿಗೆ ಹೋಗಿಬಿಟ್ಟ. ಮರುದಿನ ಕರ್ಚೀಫಿನಲ್ಲಿ ಕಟ್ಟಿ ಬಸ್ ಕಂಡಕ್ಟರನ ಕೈಯಲ್ಲಿ ಕಳಿಸಿದ.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಅವನು ಗಣಿಯ ಇಬ್ಬರು ಗೆಳೆಯರೊಂದಿಗೆ ಸೇರಿ ಒಂದು ವಿಸಿಆರ್ ಕೊಂಡಿದ್ದ. ದಸರೆಗೆ ಅದನ್ನು ಡಬ್ಬಿಸಹಿತ ಕಂಬಳಿಯಲ್ಲಿ ಸುತ್ತಿ, ಲಿಂಗಸುಗೂರಿನಲ್ಲಿ ಬಸ್ಸು ಬದಲಿಸಿ, ತೊಡೆಯ ಮೇಲೆ ಇಟ್ಟುಕೊಂಡು ಮಸ್ಕಿಗೆ ತರುತ್ತಿದ್ದ. ಓಣಿಯೆಲ್ಲ ಟಿವಿ ಮುಂದೆ ಕೂತಿದ್ದರೂ ಹಚ್ಚುತ್ತಿರಲಿಲ್ಲ.

"ಬಸ್ಸಿನ್ಯಾಗ ಕುಲುಕಾಡಿ ಬಂದದ. ಒಂದು ತಾಸು ಕುಂದ್ರಲಿ."

ಅದರ ಮೇಲೆ ನೀರಿನ ಲೋಟ ಇಡುವಂತಿಲ್ಲ, ಅರಿವೆ ಹೊದಿಸುವಂತಿಲ್ಲ, ಮಕ್ಕಳು ಅದರ ಬಾಯಲ್ಲಿ ಕೈ ಹಾಕುವಂತಿಲ್ಲ. ಟೇಪು ಸಿಕ್ಕಿಕೊಂಡರೆ ಯಾರೂ ಜಗ್ಗುವಂತಿಲ್ಲ.

"ಮಾವ, ಅದೇನು ಬಾಣಂತಿ ಏನು?" ಎಂದು ನಾನು ರೇಗುತ್ತಿದ್ದೆ.

"ಬೇಯಾತನಕ ತಾಳಿದಾಕಿಗೆ ಆರಾತನಕ ತಾಳಾಕ ಆಗಲ್ಲೇನ ಬೇ?" ಎಂದು ನಗುತ್ತಿದ್ದ.

ಆ ವರ್ಷದ ದಸರೆಗೆ ಅಕ್ಕ ಸಿಂಧನೂರಿನ ಗಂಡನ ಮನೆಯಿಂದ ಮೂರು ತಿಂಗಳ ಕೂಸಿನೊಂದಿಗೆ ಬಂದಿದ್ದಳು. ಜೊತೆಗೆ ತನ್ನ ಮದುವೆಯ ಕ್ಯಾಸೆಟ್ಟು ತಂದಿದ್ದಳು. ನನಗಾಗ ಇಪ್ಪತ್ತೆರಡು. ಓಣಿಯವರನ್ನೆಲ್ಲ ಮನೆಮನೆಗೆ ಹೋಗಿ ಕರೆದು ಬಂದವಳೇ ನಾನು. ಅಂದು ಆಯುಧಪೂಜೆ. ಅವ್ವ ವಿಸಿಆರಿಗೂ ಕಾಯಿ ಒಡೆಯಲು ಹೊರಟಾಗ ಮಾವ ಅದರ ಖಾಲಿ ಡಬ್ಬಿಯನ್ನು ಮುಂದೆ ತಳ್ಳಿದ. "ಅಕ್ಕ, ಪೂಜಿ ಡಬ್ಬಿಗೆ ಮಾಡು. ಯಂತ್ರಕ್ಕ ಮುಟ್ತದ." ಅವ್ವ ಒಪ್ಪಿದಳು. ಆದರೆ ಕರೆಂಟಿನ ದೇವರನ್ನು ಬಿಟ್ಟರೆ ಹೇಗೆ ಎಂದು ಗೋಡೆಯ ಸ್ವಿಚ್ ಬೋರ್ಡಿಗೆ ಕುಂಕುಮ ಹಚ್ಚಿ, ಕಾಯಿನೀರು ಚಿಮುಕಿಸಿಬಿಟ್ಟಳು. ಮಾವ ವಿಸಿಆರಿನ ಪ್ಲಗ್ ಚುಚ್ಚಿದ್ದೇ ತಡ, ಬೋರ್ಡು ಚಿರ್ ಚಿರ್ ಅಂದಿತು. ಅವನು ಪಡಸಾಲೆಗೆ ಹೋಗಿ ಫ್ಯೂಜು ಕಿತ್ತು ಜೇಬಿಗೆ ಹಾಕಿಕೊಂಡು ಬಂದು, ಬೋರ್ಡು ಬಿಚ್ಚಿ ಒರೆಸತೊಡಗಿದ.

ಫ್ಯಾನು ನಿಂತವು. ಆ ಧಗೆಯಲ್ಲಿ ಕೂಸು ಚೀರಾಡತೊಡಗಿತು. ಹೆಂಗಸರು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ "ಇನ್ನ ಎಷ್ಟೊತ್ತಬೇ?" ಎಂದು ನನ್ನನ್ನೇ ಕೇಳುತ್ತಿದ್ದರು. ನಾನು ಕಾಲು ಸುಟ್ಟ ಬೆಕ್ಕಿನ ಹಾಗೆ ಒಳಗೆ ಹೊರಗೆ ಓಡಾಡಿದೆ. "ಆಯ್ತೇನು ಮಾವ?" ಅಂದೆ. "ತಡಿ ಬೇ" ಅಂದ. ಇನ್ನೊಮ್ಮೆ ಕೇಳಿದೆ. ಮತ್ತೆ "ತಡಿ." ಮೂರನೆಯ ಸಲ ನಾನು ಕೇಳಲಿಲ್ಲ.

ಪಡಸಾಲೆಯ ಮೀಟರಿನ ಮೇಲೆ ಇನ್ನೊಂದು ಬಿಡಿ ಫ್ಯೂಜು ಇತ್ತು. ತೆಳು ತಂತಿ ಪದೇ ಪದೇ ಸುಡುತ್ತದೆ ಎಂದು ಅಪ್ಪ ದಪ್ಪ ತಂತಿ ಸುತ್ತಿಟ್ಟಿದ್ದು. ಇಷ್ಟು ಹೊತ್ತಿಗೆ ಮಾವ ಮುಗಿಸಿರುತ್ತಾನೆ ಎಂದು ನನಗೆ ನಾನೇ ಹೇಳಿಕೊಂಡು ಅದನ್ನು ಖಾಲಿ ಜಾಗಕ್ಕೆ ಒತ್ತಿದೆ.

ಒಳಗೆ ಪಟಾರೆಂದಿತು. ಅವ್ವ ಚೀರಿದಳು. ಫ್ಯೂಜು ಕಿತ್ತು ಮೊದಲಿದ್ದಲ್ಲೇ ಇಟ್ಟೆ. ಮಾವನ ಸ್ಕ್ರೂಡ್ರೈವರಿಗೆ ಎರಡು ವೈರು ಒಟ್ಟಿಗೆ ತಾಗಿ ಬೆಂಕಿ ಎದ್ದಿತ್ತು. ತೆಳು ತಂತಿಯಾಗಿದ್ದರೆ ತಾನೇ ಕರಗಿ ಅದನ್ನು ಆರಿಸುತ್ತಿತ್ತು. ಅಪ್ಪನ ದಪ್ಪ ತಂತಿ ಕರಗಲಿಲ್ಲ.

ಒಳಗೆ ಬಂದಾಗ ಮಾವ ಗೋಡೆಗೆ ಒರಗಿ ಕೂತಿದ್ದ. ಕೈಗೆ ಟವೆಲು ಸುತ್ತಿದ್ದರು. ಅಪ್ಪ "ಯಾರಲೇ ಕರೆಂಟ್ ಕೊಟ್ಟವ್ರು?" ಎಂದು ಕೂಗಾಡುತ್ತಿದ್ದ. ಮಾವ ನನ್ನ ಮುಖ ನೋಡಿದ.

"ನಾನ ಭಾವ. ಫ್ಯೂಜ್ ಹಾಕಿ ಬಂದು ಕೈ ಇಟ್ಟೀನಿ. ಮರ್ತೆ."

ನಮ್ಮ ಫ್ಯೂಜು ಆಗಲೂ ಅವನ ಜೇಬನ್ನು ಜೋಲಿಸುತ್ತಿತ್ತು. ಅಷ್ಟು ಜನರಲ್ಲಿ ಅದನ್ನು ನಾನೊಬ್ಬಳೇ ನೋಡಿದೆ.

ಲಿಂಗಸುಗೂರಿನ ದವಾಖಾನೆಯಲ್ಲಿ ಬೆರಳು ಉಳಿದವು, ಕಸುವು ಉಳಿಯಲಿಲ್ಲ. ಸ್ಕ್ರೂಡ್ರೈವರ್ ಹಿಡಿಯಲಾಗದೆ ಅವನು ಗಣಿಗೆ ಇಳಿಯುವವರಿಗೆ ದೀಪ ಕೊಡುವ ಕೋಣೆಗೆ ಹೋದ. ಅದಕ್ಕಿಂತ ಕೆಟ್ಟದ್ದು ಗೆಳೆಯರ ಚೇಷ್ಟೆ. "ಊರಿಗೆಲ್ಲ ಬುದ್ಧಿ ಹೇಳಾಂವ ತಾನ ಮರ್ತಾನ!" ಕೆಲಸಗಾರನಾಗಿ ಅವನಿಗಿದ್ದ ಹೆಸರೇ ಆ ಜಾಗ್ರತೆ. ಅದನ್ನೇ ನನ್ನ ಸಲುವಾಗಿ ಕಳೆದುಕೊಂಡು ಅವರೊಂದಿಗೆ ತಾನೂ ನಗುತ್ತಿದ್ದ. ನನಗೆ ಸಾಯುವಷ್ಟು ನಾಚಿಕೆಯಾಗುತ್ತಿತ್ತು. ಆದರೂ ಹೇಳಲಿಲ್ಲ.

ಮರುವರ್ಷ ಮತ್ತೆ ವಿಸಿಆರ್ ಹೊತ್ತು ಬಂದ. ಸ್ವಿಚ್ಚೊಂದು ಸಡಿಲಾಗಿತ್ತು. ಎಡಗೈಯಿಂದ ಫ್ಯೂಜು ಕಿತ್ತು, ಜೇಬಿಗೆ ಹಾಕಿಕೊಳ್ಳದೆ, ನನ್ನ ಅಂಗೈಯಲ್ಲಿಟ್ಟ. "ನಾ ಕೇಳಾತನಕ ಯಾರಿಗೂ ಕೊಡಬ್ಯಾಡ." ಅಷ್ಟೇ. ಮುಂದೆ ಅವನು ನಮ್ಮ ಮನೆಯಲ್ಲಿ ಕರೆಂಟಿನ ಕೆಲಸ ಹಿಡಿದಾಗಲೆಲ್ಲ ಫ್ಯೂಜು ನನ್ನ ಕೈಯಲ್ಲೇ ಇರುತ್ತಿತ್ತು.

ಕ್ಯಾಸೆಟ್ಟು ಹೋಗಿ ಡಿಸ್ಕು ಬರತೊಡಗಿದ್ದ ಕಾಲದಲ್ಲಿ ಮಾವ ತೀರಿಕೊಂಡ. ಹಟ್ಟಿಯ ಕ್ವಾರ್ಟರ್ಸಿನ ಮುಂದೆ ಶಾಮಿಯಾನ ಹಾಕಿ, ದೀಪಕ್ಕೆಂದು ಅವನ ಕೈಕೆಳಗೆ ಕೆಲಸ ಕಲಿತವನೊಬ್ಬ ವೈರು ಎಳೆಯುತ್ತಿದ್ದ. ಫ್ಯೂಜು ಕಿತ್ತವನೇ ಜೇಬು ಹುಡುಕಿದ. ಬನಿಯನ್ನಿನಲ್ಲಿದ್ದ. ನಾನು ಕೈ ಚಾಚಿದೆ.

ಅದನ್ನು ಮುಷ್ಟಿಯಲ್ಲಿ ಹಿಡಿದು, ಮಾವನ ಹೆಂಡತಿ ಅತ್ತೆಯ ಪಕ್ಕ ಕೂತು ಎಲ್ಲವನ್ನೂ ಹೇಳಿದೆ. ಅತ್ತೆ ತಲೆ ಎತ್ತಲಿಲ್ಲ.

"ಅವರು ಮರ್ತಿದ್ರು ಅಂತ ನಾ ಯಾವಾಗ ನಂಬಿದ್ದೆ ಬೇ?"

ಅಷ್ಟರಲ್ಲಿ ವೈರು ಎಳೆಯುತ್ತಿದ್ದವನು ಬಂದು "ಅಕ್ಕ, ಆತ್ರೀ. ಫ್ಯೂಜ್ ಕೊಡ್ರಿ" ಅಂದ. ಕೊಡಲಿಲ್ಲ. ಎದ್ದು ಅವನ ಹಿಂದೆ ಹೋದೆ. ಬೋರ್ಡಿನ ಮುಚ್ಚಳ ಹಾಕಿತ್ತು. ವೈರಿನ ಹತ್ತಿರ ಯಾರೂ ಇರಲಿಲ್ಲ. ಎರಡೂ ಕೈ ತೋರಿಸೆಂದು ಅವನಿಗೆ ಹೇಳಿ, ನೋಡಿ, ಆಮೇಲೆ ಕೊಟ್ಟೆ.