ಅಜ್ಜಿ ಬಿಗಿದ ಮೂರು ಗಂಟು

ಗೆಳೆಯರೇ, ಇವತ್ತು ನಮ್ಮ ಶಾಲೆಗೆ ಪರೀಕ್ಷೆ ನಡೆಸಲು ಇನ್‌ಸ್ಪೆಕ್ಟರು ಬಂದರು. ಮಕ್ಕಳೆಲ್ಲ ಕೂತಿದ್ದಾರೆ, ಕುರಿ ಸಾಕುವವರ ಮನೆಯ ಈರಮ್ಮ ಮಾತ್ರ ಇಲ್ಲ. ತಪ್ಪಿದರೆ ಹುಡುಗಿಗೆ ಇನ್ನೊಂದು ವರ್ಷ ಮೂರನೇ ಕ್ಲಾಸೇ ಗತಿ. ಮಾಸ್ತರನಾದ ನಾನೇ ಅವಳ ಮನೆಗೆ ಓಡಿದೆ.

"ಏನವ್ವ ಹನುಮವ್ವ, ಇವತ್ತ ಪರೀಕ್ಷೆ ಐತಿ, ಮಗಳನ್ನ ಯಾಕ ಕಳಿಸಿಲ್ಲ?"

"ಇನ್ನೂ ಮೂರು ದಿನ ಐತಲ್ರಿ ಮಾಸ್ತರ್ರೇ!" ಎಂದು ಅವಳೊಂದು ದಾರ ತೋರಿಸಿದಳು. ಪರೀಕ್ಷೆಗೆ ಇನ್ನು ಎಂಟು ದಿನ ಎಂದು ನಾನು ಹೇಳಿದ್ದಕ್ಕೆ ಎಂಟು ಗಂಟು ಹಾಕಿ, ದಿನಕ್ಕೊಂದು ಬಿಚ್ಚುತ್ತಿದ್ದಳಂತೆ.

ಮೂಲೆಯಲ್ಲಿದ್ದ ಅವಳ ಅತ್ತೆ ಅಂದಳು: "ಮೊಮ್ಮಗಳ ಹರಕಿ ದಾರ ಅಂದ್ಕೊಂಡೆನಪ್ಪ. ಗಂಟು ಬಿಚ್ಚಿದ್ದು ಕಂಡಾಗ ಮೂರು ಸಲ ನಾನ ಬಿಗಿದು ಕಟ್ಟೀನಿ."

"ಅಯ್ಯೋ ಅತ್ತಿ, ನಿನ್ನ ಕೈ ಸುಮ್ಕ ಇರಂಗಿಲ್ಲ ನೋಡು!"

ಈರಮ್ಮನನ್ನು ಕರೆತರುವಷ್ಟರಲ್ಲಿ ಇನ್‌ಸ್ಪೆಕ್ಟರು ಬಂಡಿ ಹತ್ತಿದ್ದರು. ಕಾರಣ ಕೇಳಿ ನಗುತ್ತ ಇಳಿದರು. "ಕೋಸಗಿ ಸ್ಟೇಷನ್ನಿಂದ ಸಂಜೆಗೂ ರೈಲಿದೆ. ನೀನು ಓದಮ್ಮ" ಎಂದರು. ಹುಡುಗಿ ಎಲ್ಲೂ ತಡವರಿಸದೆ ಓದಿ ಪಾಸಾದಳು. ಆ ಪುಣ್ಯಾತ್ಮರಿಗೆ ಎಷ್ಟು ಕೈ ಮುಗಿದರೂ ಸಾಲದು.

ಆಮೇಲೆ ಒಂದು ತಿಂಗಳ ರಜೆ ಸಾರಿದೆ. ರಜೆಯ ದಿನ ಎಣಿಸುವ ದಾರ ಹಿಡಿದು ಊರ ಮಕ್ಕಳೆಲ್ಲ ಈಗ ಆ ಅಜ್ಜಿಯ ಮುಂದೆಯೇ ಕೂತಿದ್ದಾರೆ.