ಹನೀಫನ ದ್ರಾಕ್ಷಿ ಮುಟ್ಟದ ಶುಶಾನ್ ಆಂಟಿ

ಹಿಲ್ಸ್‌ಬರೋದ ತನ್ನ ಹಣ್ಣಿನಂಗಡಿಯಲ್ಲಿ ಹನೀಫ್ ಸ್ಟೂಲಿನ ಮೇಲೆ ಕೂತದ್ದನ್ನು ಕಂಡವರಿಲ್ಲ. ಸ್ಟೂಲೇನೋ ಇತ್ತು, ಅದರ ಮೇಲೆ ಈರುಳ್ಳಿ ಚೀಲ ಕೂರುತ್ತಿತ್ತು. ವಿಜಯಪುರದ ಹತ್ತಿರ ತಿಕೋಟಾದಲ್ಲಿ ದ್ರಾಕ್ಷಿ ಒಣಗಿಸುವ ಶೆಡ್ಡುಗಳ ನಡುವೆ ಬೆಳೆದವನು; ಓದುತ್ತೇನೆಂದು ಕಡಲಾಚೆಯ ಈ ದಕ್ಷಿಣದ ದ್ವೀಪದೇಶಕ್ಕೆ, ಮನುಕಾವ್‌ಗೆ ಬಂದ, ಟೌರಂಗಾದಲ್ಲಿ ಕಿವಿಹಣ್ಣು ಡಬ್ಬಿಗೆ ತುಂಬಿದ, ಟ್ಯಾಕ್ಸಿ ಓಡಿಸಿದ, ಯಾವುದರಲ್ಲೂ ನಿಲ್ಲದೆ ಕೊನೆಗೆ ಅಂಗಡಿ ಹಾಕಿದ. ನಿಂತದ್ದು ಅಂಗಡಿ ಮಾತ್ರ. ಹನೀಫ್ ಅದರೊಳಗೇ ಓಡಾಡಿಕೊಂಡಿದ್ದ.

ಅವನದೊಂದು ರೂಢಿ. ಒಳಗೆ ಬಂದವರ ಕೈಗೆ ಮೊದಲು ಒಂದು ದ್ರಾಕ್ಷಿ. ಬಾಳೆಹಣ್ಣು ಕೇಳಿದವರಿಗೂ ದ್ರಾಕ್ಷಿ, ದಾರಿ ಕೇಳಿದವರಿಗೂ ದ್ರಾಕ್ಷಿ. ಪಾರ್ಕಿಂಗ್ ದಂಡ ಹಾಕಲು ಬಂದವನೂ ತಿಂದಿದ್ದ. ತಿಂದು, ದಂಡವನ್ನೂ ಹಾಕಿ ಹೋಗಿದ್ದ.

ತಿನ್ನದವಳು ಒಬ್ಬಳೇ, ಶುಶಾನ್ ಆಂಟಿ. ಇರಾನಿನಿಂದ ಬಂದ ಅರ್ಮೇನಿಯನ್ ಹೆಂಗಸು, ಪಕ್ಕದ ಬೀದಿಯಲ್ಲಿ ಬಟ್ಟೆ ಹೊಲಿಯುತ್ತಿದ್ದಳು. ಸೌತೆಕಾಯಿ ಕೊಳ್ಳುತ್ತಿದ್ದಳು, ಕುಶಲ ಕೇಳುತ್ತಿದ್ದಳು, ದ್ರಾಕ್ಷಿ ಮುಂದೆ ಹಿಡಿದರೆ ಮಾತ್ರ ಕೈ ಹಿಂದಕ್ಕೆ.

ಹನೀಫನಿಗೆ ಇದು ಹಲ್ಲಿನ ಸಂದಿಯ ನಾರಿನಂತಾಯಿತು. ಮನೆಯಲ್ಲಿ ದಖನಿ ಮಾತಾಡಿದರೂ ಜಗಳಕ್ಕೆ ಗಂಡ ಹೆಂಡತಿ ಇಬ್ಬರಿಗೂ ಕನ್ನಡವೇ ಬೇಕು.

"ನಮ್ಮ ದ್ರಾಕ್ಷಿ ಮ್ಯಾಲೆ ಆಕಿಗೇನ್ ಸಿಟ್ಟೈತಿ?"

"ಆಕಿ ತಿನ್ನಲಿಲ್ಲಂದ್ರ ನಿಮಗ್ಯಾಕ ಹೊಟ್ಟಿ ಉರೀತೈತಿ?" ಎಂದಳು ಫಹಮಿದಾ. "ಉಳದಾವ್ರೆಲ್ಲಾ ಪುಕ್ಕಟೆ ತಿಂದು ಅಂಗಡಿ ಮುಳುಗಸಾಕತ್ತಾರ. ಒಬ್ಬಾಕಿನರ ಬಿಡ್ರಿ!"

ಬಿಡಲಾಗಲಿಲ್ಲ. ಮಾರ್ಚಿನ ಒಂದು ಬೆಳಿಗ್ಗೆ, ಊರ ತುಂಬ ಹೊಸ ದ್ರಾಕ್ಷಿ ಬಂದಿದ್ದಾಗ, ಕೇಳಿಯೇಬಿಟ್ಟ. ಅವನ ಇಂಗ್ಲಿಷೂ ಆಕೆಯ ಇಂಗ್ಲಿಷೂ ಬೇರೆ ಬೇರೆ ದಾರಿಯಲ್ಲಿ ಬಂದು ಹೇಗೋ ಭೇಟಿಯಾಗುತ್ತಿದ್ದವು.

"ಆಗಸ್ಟಿನಲ್ಲಿ ನಮ್ಮ ಪಾದ್ರಿ ದ್ರಾಕ್ಷಿಯನ್ನು ಹರಸುತ್ತಾರೆ ಹನೀಫ್. ಅಲ್ಲಿಯವರೆಗೆ ಆ ವರ್ಷದ ಹಣ್ಣು ಮುಟ್ಟುವಂತಿಲ್ಲ."

"ಹಾಗಾದರೆ ಆಗಸ್ಟಿನಲ್ಲಿ ತಿನ್ನಿ ಆಂಟಿ."

"ಪಾದ್ರಿ ಎಲ್ಲಿದ್ದಾರೆ ಇಲ್ಲಿ? ಸಿಡ್ನಿಯಲ್ಲಿದ್ದಾರೆ. ನಾಲ್ಕು ಜನ ಕೂಡಿದರೆ ಬಂದಾರು. ನನಗೆ ಗೊತ್ತಿರುವುದೇ ನಮ್ಮವರ ಮೂರು ಮನೆ, ಅದರಲ್ಲೂ ಎರಡಕ್ಕೆ ಪರಸ್ಪರ ಮಾತಿಲ್ಲ."

ಅಂದರೆ ಈ ದೇಶಕ್ಕೆ ಬಂದಾಗಿನಿಂದ ಆಕೆ ದ್ರಾಕ್ಷಿಯನ್ನೇ ತಿಂದಿರಲಿಲ್ಲ. ಹನೀಫ್ ದನಿ ತಗ್ಗಿಸಿದ. "ಒಂದು ತಿಂದರೆ ಯಾರಿಗೆ ಗೊತ್ತಾಗುತ್ತೆ ಆಂಟಿ?"

"ಯಾರಿಗೂ ಗೊತ್ತಾಗುವುದಿಲ್ಲ. ಅದಕ್ಕೇ ತಿನ್ನುವುದಿಲ್ಲ."

ಆ ಮಾತು ಹನೀಫನ ಕಾಲಿಗೆ ಚಕ್ರ ಕಟ್ಟಿತು. ಆಕೆಗೆ ಒಂದು ದ್ರಾಕ್ಷಿ ತಿನ್ನಿಸಬೇಕಾದರೆ ಅರ್ಮೇನಿಯನ್ನರ ಒಂದು ಊರನ್ನೇ ಕಟ್ಟಬೇಕು ಎಂದು ಅವನಿಗೆ ಅರ್ಥವಾಯಿತು. ಅದೇನು ಮಹಾ ಎಂದೂ ಅನ್ನಿಸಿತು. ಅರ್ಮೇನಿಯನ್ ಅಡುಗೆಗೆ ಬೇಕಾದ, ಉಪ್ಪುನೀರಿನ ಬಾಟಲಿಯಲ್ಲಿಟ್ಟ ದ್ರಾಕ್ಷಿ ಎಲೆ ಕೊಳ್ಳುವವರನ್ನೆಲ್ಲ ಅಡ್ಡಗಟ್ಟಿ "ನೀವು ಅರ್ಮೇನಿಯನ್ನರೇ?" ಎಂದು ಕೇಳತೊಡಗಿದ. ಒಬ್ಬ ಗ್ರೀಕ್ ಮುದುಕ, ಎಲೆಯಲ್ಲಿ ಅನ್ನ ಸುತ್ತುವುದನ್ನು ಲೋಕಕ್ಕೆ ಕಲಿಸಿದ್ದೇ ತನ್ನ ಅಜ್ಜಿ ಎಂಬಂತೆ ಉಪನ್ಯಾಸ ಕೊಟ್ಟು ಹೋದ. ಆದರೂ ಸಿರಿಯಾದ ಅಲೆಪ್ಪೊದಿಂದ ಬಂದ ದಂತವೈದ್ಯ ಸಿಕ್ಕಿದ. ಅರ್ಮೇನಿಯನ್ ರಾಜಧಾನಿ ಯೆರೆವಾನಿನ ಎಂಜಿನಿಯರ್ ಸಿಕ್ಕಿದ. ತಾನು ಕಿವಿಹಣ್ಣು ತುಂಬಿದ್ದ ಟೌರಂಗಾದ ಹಳೇ ಪ್ಯಾಕ್‌ಹೌಸಿನಲ್ಲೇ ಒಂದು ಜೋಡಿ ಸಿಕ್ಕಿತು. ವರ್ಷಗಳು ಉರುಳಿದಂತೆ ಹೊಸಬರೂ ಬರತೊಡಗಿದರು, ಮಕ್ಕಳೂ ಹುಟ್ಟಿದವು. ೨೦೧೫ರ ಆಗಸ್ಟಿಗೆ ಬರುತ್ತೇನೆಂದು ಸಿಡ್ನಿಯ ಪಾದ್ರಿ ಒಪ್ಪಿದರು.

ಆಗಸ್ಟ್ ಎಂದರೆ ಭೂಮಿಯ ಈ ದಕ್ಷಿಣ ಭಾಗದಲ್ಲಿ ಕೊರೆಯುವ ಚಳಿಗಾಲ. ಇಲ್ಲಿನ ದ್ರಾಕ್ಷಿ ಮುಗಿದಿತ್ತು. ಹನೀಫ್ ಮಾರ್ಕೆಟ್ಟಿನವನ ಬೆನ್ನು ಹತ್ತಿ ಕ್ಯಾಲಿಫೋರ್ನಿಯಾದ ಹಣ್ಣು ತರಿಸಿ, ಬಾಡಿಗೆಯ ಹಾಲ್‌ಗೆ ತಾನೇ ಹೊತ್ತು ತಂದ.

ಪಾದ್ರಿಯ ವಿಮಾನ ತಡವಾಯಿತು. ಇರಾನಿನವರು ಹೀಟರ್ ಹತ್ತಿರ, ಯೆರೆವಾನಿನವರು ಕಿಟಕಿಯ ಹತ್ತಿರ, ಸಿರಿಯಾದವರು ಬಾಗಿಲ ಹತ್ತಿರ. ಒಬ್ಬರಿಗೊಬ್ಬರು ಮಾತಿಲ್ಲ, ಎಲ್ಲರಿಗೂ ಕೈಗಡಿಯಾರದ ಮೇಲೇ ಪ್ರೀತಿ. ಇವತ್ತು ಹೀಗೇ ಚದುರಿದರೆ ಮುಂದಿನ ವರ್ಷ ಯಾರೂ ಬರುವುದಿಲ್ಲವೆಂದು ಶುಶಾನ್ ಆಂಟಿಯ ಮುಖದಲ್ಲೇ ಕಾಣುತ್ತಿತ್ತು. ಆಕೆ ಕಾಫಿ ಮಾಡಲು ಒಳಗೆ ಹೋದಳು.

ಹನೀಫನಿಗೆ ಆ ಮೌನ ತಡೆಯಲಾಗಲಿಲ್ಲ. ಜನ ನಿಂತಿದ್ದಾರೆ, ಪಕ್ಕದಲ್ಲಿ ಹಣ್ಣಿದೆ. ಕೈ ತಾನಾಗಿ ಡಬ್ಬಿ ಬಿಚ್ಚಿತು. "ಟೇಸ್ಟ್ ನೋಡಿ, ಟೇಸ್ಟ್ ನೋಡಿ!" ಎನ್ನುತ್ತ ಸಾಲು ಹಿಡಿದು ಹಂಚಿದ. ಜನ ದಾಕ್ಷಿಣ್ಯಕ್ಕೆ ಬಾಯಿಗೆ ಹಾಕಿಕೊಂಡರು. ರುಚಿ ಹತ್ತಿ ಇನ್ನೊಂದು ಕೇಳಿದರು.

ಶುಶಾನ್ ಆಂಟಿ ಕಾಫಿ ತಟ್ಟೆ ಹಿಡಿದು ಬಂದಾಗ ಹಾಲ್ ತುಂಬ ಉಬ್ಬಿದ ಕೆನ್ನೆಗಳು. ದಂತವೈದ್ಯ ಗೊಂಚಲನ್ನು ಬೆನ್ನ ಹಿಂದೆ ಬಚ್ಚಿಟ್ಟ. ಎಂಜಿನಿಯರ್ ಅಗಿಯದೆ ನುಂಗಿದ.

"ರೋಜಾದಾಗ ಅಜಾನ್ ಆಗೂ ಮುಂಚೇನ ಖರ್ಜೂರ ಹಂಚಿದಂಗಾತಲ್ರಿ!" ಜೊತೆಗೆ ಬಂದಿದ್ದ ಫಹಮಿದಾ ತಲೆಗೆ ಕೈ ಹಚ್ಚಿದಳು. ಹನೀಫ್ ಮೊದಲ ಬಾರಿಗೆ ಅಲ್ಲಾಡದೆ ನಿಂತ.

"ಮೊದಲು ತಿಂದವರು ಇರಾನಿನವರು," ಎಂದಿತು ಕಿಟಕಿ. "ನೀವು ಎರಡೆರಡು ತೆಗೆದುಕೊಂಡಿರಿ!" ಎಂದಿತು ಹೀಟರ್. ಬಾಗಿಲ ಹತ್ತಿರ ಯಾರಿಗೋ ನಗು ತಡೆಯದೆ ಹಣ್ಣು ಸಿಡಿಯಿತು. ಆಮೇಲೆ ಎಲ್ಲರದೂ ಬಾಯಿ. ದೂರು, ಸಮಜಾಯಿಷಿ, ನಗು. ಪಾದ್ರಿ ಒಳಗೆ ಬಂದಾಗ ಬಾಗಿಲು ತೆರೆದ ಸದ್ದೂ ಕೇಳಿಸದಷ್ಟು ಗದ್ದಲ.

ಶುಶಾನ್ ಆಂಟಿ ತಟ್ಟೆ ಕೆಳಗಿಟ್ಟಳು. "ತಿಂದವರೆಲ್ಲ ಒಂದು ಕಡೆ ನಿಲ್ಲಿ," ಎಂದಳು. ಹೀಟರ್, ಕಿಟಕಿ, ಬಾಗಿಲು ಎಲ್ಲ ತಲೆ ತಗ್ಗಿಸಿ ಒಂದೇ ಗುಂಪಾಗಿ ನಿಂತವು. ಈ ಕಡೆ ಆಕೆ ಒಬ್ಬಳೇ.

ಪಾದ್ರಿ ನಗು ನುಂಗಿಕೊಂಡು ಉಳಿದ ಹಣ್ಣಿನ ಮೇಲೆ ಪ್ರಾರ್ಥನೆ ಹೇಳಿ, ಮೊದಲ ಗೊಂಚಲನ್ನು ಆಕೆಯ ಕೈಗಿತ್ತರು. ಆಕೆ ಒಂದು ಹಣ್ಣು ಬಾಯಿಗಿಟ್ಟಳು. ಕಣ್ಣು ಮುಚ್ಚಿದಳು.

"ಹೇಗಿದೆ ಆಂಟಿ?" ಹನೀಫ್ ಒಂದು ಹೆಜ್ಜೆ ಮುಂದೆ ಬಂದ.

ಆಕೆ ಇನ್ನೊಂದು ತಿಂದಳು, ಮತ್ತೊಂದು. ಗೊಂಚಲು ಬರಿದಾದ ಮೇಲೆ ಕಡ್ಡಿಯನ್ನು ಹನೀಫನ ಅಂಗೈಯಲ್ಲಿಟ್ಟಳು.

"ಮುಂದಿನ ವರ್ಷ ಇನ್ನೂ ಎರಡು ಡಬ್ಬಿ ಜಾಸ್ತಿ ತಾ. ನೀನು ಮಾತ್ರ ನಾನು ಕರೆಯುವವರೆಗೆ ಹೊರಗಿರು."